ಕಿತ್ತಳೆ ಸಿಪ್ಪೆಯ ಕಹಿ

ಡಾಕ್ಟರಮ್ಮ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಹೇಳಿದ ಮಾತು ಕೇಳದೆ ಕೆಟ್ಟರೆ ಹಣೆ ಚಚ್ಚಿಕೊಂಡು ಸುಮ್ಮನಾಗಬಹುದು. ಕೇಳಿಯೂ ಕೆಟ್ಟರೆ ಯಾರ ಹಣೆ ಚಚ್ಚುವುದು?

ನಮ್ಮದು ಪೆಪ್ಪರಮಿಂಟ್ ಮಾಡುವ ಮನೆ. ಕೆಳಗೆ ಕಾರ್ಖಾನೆ, ಮೇಲೆ ವಾಸ. ಕಾರ್ಖಾನೆ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಒಲೆ, ಒಂದು ಕಲ್ಲಿನ ಹಾಸು, ಅಪ್ಪನ ಅಚ್ಚಿನ ಯಂತ್ರ, ಡಬ್ಬಿ ತುಂಬುವುದಕ್ಕೆ ಬರುವ ಇಬ್ಬರು ಹೆಂಗಸರು. ಒಲೆಯ ಕೆಲಸ ನನ್ನದು. ಸಕ್ಕರೆ ಪಾಕ ಕಾಯಿಸಿ, ಹದ ನೋಡಿ, ಕಲ್ಲಿನ ಮೇಲೆ ಸುರಿದು, ಬಿಸಿಯಿರುವಾಗಲೇ ಎಳೆದು ಮಡಚಿ ಹುಳಿಮಿಠಾಯಿ ಮಾಡುತ್ತೇನೆ. ಯಂತ್ರ ಅಪ್ಪನದು. ಸಕ್ಕರೆ ಪುಡಿಗೆ ಅಂಟು, ಪುದೀನ ಎಣ್ಣೆ ಬೆರೆಸಿ ಒಣಗಿಸಿ, ಹಿಡಿ ತಿರುಗಿಸಿದರೆ ಟಕ್ ಟಕ್ ಎಂದು ಬಿಳಿ ಬಿಲ್ಲೆಗಳು ಉದುರುತ್ತವೆ. ಅಪ್ಪನ ಕೈಗೆ ಬಗ್ಗದ ಅಚ್ಚಿಲ್ಲ. ಹೂವು, ಮೀನು, ಅಂಗಿಗುಂಡಿ, ಅಂಗಡಿಯವರ ಹೆಸರಿನ ಮೊದಲಕ್ಷರ, ಏನು ಕೇಳಿದರೂ ಅರ ಹಿಡಿದು ಕೂತು ಕೊರೆದುಬಿಡುತ್ತಾನೆ. ಬೀದಿಯ ಮಕ್ಕಳಿಗೆಲ್ಲ ಅವನು ಬಿಲ್ಲೆ ತಾತ. ನಲವತ್ತು ದಾಟಿದ ನಾನು ಅವನಿಗೆ ಇನ್ನೂ ಪುಟ್ಟಿ. ನನಗೆ ಮದುವೆಯಾಗಿತ್ತು, ಮುರಿಯಿತು. ಆ ಗೋಳು ಇಲ್ಲಿ ಬೇಡ.

ವರ್ಷದ ಶುರುವಿನಲ್ಲಿ ಒಂದು ಬೆಳಿಗ್ಗೆ ಒಲೆಯ ಗ್ಯಾಸ್ ಪೈಪು ಸೀಳಿ ಬೆಂಕಿ ಹತ್ತಿಕೊಂಡಿತು. ಒಳಗೆ ನಾನೊಬ್ಬಳೇ ಇದ್ದೆ. ಬಾಗಿಲ ಚಿಲಕ ಕಾದು ಕೈಗೆ ಸಿಕ್ಕದೆ, ಹೊಗೆಯಲ್ಲಿ ಅದನ್ನು ಹುಡುಕಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಮುಂಗೂದಲು ಸುಟ್ಟಿತು, ಒಂದು ಹುಬ್ಬು ಹೋಯಿತು, ಜೀವಕ್ಕೇನೂ ಆಗಲಿಲ್ಲ. ಹುಬ್ಬು ತಿರುಗಿ ಬಂತು, ಧೈರ್ಯ ಬರಲಿಲ್ಲ. ಕಡ್ಡಿ ಗೀರಿದ ಸದ್ದಾದರೆ ಸಾಕು, ಎದೆ ಹಿಂಡಿ ಉಸಿರು ಗಂಟಲಲ್ಲೇ ನಿಂತುಬಿಡುತ್ತಿತ್ತು. ಒಲೆ ಮುಂದೆ ನಿಲ್ಲಲಾರದ ನಾನು ಇದ್ದು ಯಾತಕ್ಕೆ ಬಂತು? ಅಪ್ಪನ ಭುಜ ಹೋಗಿ ಬಹಳ ಕಾಲವಾಯಿತು, ಪಾಕದ ಬಾಣಲೆ ಎತ್ತುವುದು ಅವನಿಂದಾಗದು. ಒಲೆ ಆರಿದರೆ ಮನೆಯೇ ಆರುತ್ತದೆ.

ಡಾಕ್ಟರಮ್ಮ ಮಾತ್ರೆ ಕೊಟ್ಟದ್ದು ಆಗ. ಬೆಳಿಗ್ಗೆ ಒಂದು, ಸಂಜೆ ಒಂದು. ಜೊತೆಗೆ ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು, ಒಲೆಯ ಹತ್ತಿರ ಹೇಗೆ ಹೋಗಬೇಕು, ಉಸಿರು ಹೇಗೆ ಬಿಡಬೇಕು ಎಂದೆಲ್ಲ ಕಲಿಸುತ್ತಿದ್ದರು. ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು.

“ಇದು ಸ್ವಲ್ಪ ಕಾಲಕ್ಕೆ ಮಾತ್ರ. ನೀವು ಸುಧಾರಿಸಿಕೊಂಡ ಮೇಲೆ ನಾನೇ ನಿಧಾನಕ್ಕೆ ಬಿಡಿಸ್ತೀನಿ. ನೀವಾಗಿ ನೀವೇ ಮಾತ್ರ ನಿಲ್ಲಿಸಬಾರದು. ಆಯ್ತಾ?”

ಆಯ್ತು ಎಂದೆ. ಮಾತ್ರೆಯ ಚೀಟಿ ಹಿಡಿದು ಮನೆಗೆ ಬಂದಾಗ ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ.

ಅದಕ್ಕೆ ಕಾರಣ ಅಮ್ಮ. ಅಮ್ಮ ಇಪ್ಪತ್ತು ವರ್ಷ ನಿದ್ದೆ ಮಾತ್ರೆ ನುಂಗಿದವಳು. ಯಾರು ಬರೆದುಕೊಟ್ಟರೋ, ಯಾಕೆ ನಿಲ್ಲಿಸಲಿಲ್ಲವೋ, ಕೇಳುವವರೇ ಇರಲಿಲ್ಲ. ನನ್ನ ನೆನಪಿನ ಅಮ್ಮ ಮಧ್ಯಾಹ್ನಕ್ಕೆ ಎದ್ದು ಗೋಡೆ ಹಿಡಿದು ನಡೆಯುತ್ತಾಳೆ. ನನಗೆ ಜಡೆ ಹಾಕಿದವನು ಅಪ್ಪ, ಊಟ ಕಟ್ಟಿಕೊಟ್ಟವನು ಅಪ್ಪ, ನಾನು ದೊಡ್ಡವಳಾದಾಗ ಅಂಗಡಿಗೆ ಹೋಗಿ ಬಾಯಿ ಬಿಡಲಾರದೆ ಬೆವರಿ ನಿಂತವನೂ ಅಪ್ಪನೇ. ನಾನು ಗಂಡನ ಮನೆಯಲ್ಲಿದ್ದ ಕಾಲಕ್ಕೆ ಅಮ್ಮ ಒಂದು ದಿನ ಮಾತ್ರೆ ಬಿಟ್ಟಳಂತೆ. ಆ ವಾರದಲ್ಲೇ ಬಚ್ಚಲುಮನೆಯಲ್ಲಿ ಬಿದ್ದು ಹೋಗಿಬಿಟ್ಟಳು. ಬಂದ ವೈದ್ಯರು ಹೃದಯ ಎಂದರು. ಅಲ್ಲಿಂದೀಚೆಗೆ ಅಪ್ಪ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ: “ನನ್ನ ಹೆಂಡತಿ ಹೋಗೋವಾಗ ಅವಳ ಮೈಯಲ್ಲಿ ಒಂದು ಮಾತ್ರೆ ಇರಲಿಲ್ಲ. ಗೆದ್ದು ಹೋದಳು.” ಅವನಿಗೆ ಇದ್ದ ಸಮಾಧಾನ ಅಷ್ಟೇ, ಅದನ್ನೇ ಇಷ್ಟು ವರ್ಷ ಉಂಡುಕೊಂಡು ಬಂದಿದ್ದ.

ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಾಗುವ ಹೊತ್ತಿಗೆ ನಾನು ಒಲೆ ಹಚ್ಚುತ್ತಿದ್ದೆ, ಪಾಕ ಸುರಿಯುತ್ತಿದ್ದೆ, ಹೆಂಗಸರ ಮೇಲೆ ರೇಗುತ್ತಲೂ ಇದ್ದೆ. ನಾನು ರೇಗಿದೆನೆಂದರೆ ಆರೋಗ್ಯವಾಗಿದ್ದೇನೆ ಎಂದರ್ಥ. ಇನ್ನು ಇಳಿಸೋಣ ಎಂದರು ಡಾಕ್ಟರಮ್ಮ. ಮೊದಲು ಸಂಜೆಯದನ್ನು ಅರ್ಧ ಮಾಡಿದರು. ಒಂದೆರಡು ದಿನ ಕಸಿವಿಸಿಯಾಯಿತು, ಹೋಯಿತು. ಆಮೇಲೆ ಬೆಳಗಿನದೂ ಅರ್ಧವಾಯಿತು. ಅದಕ್ಕೂ ಹೊಂದಿಕೊಂಡೆ. ಇನ್ನೆರಡು ವಾರ ಅಲ್ಲೇ ನಿಂತು, ಬಂದು ತೋರಿಸಿ, ಮುಂದಿನದು ಮುಂದೆ ಎಂದರು.

ಕತ್ತರಿಸುವುದೇ ಒಂದು ರಗಳೆ. ನನ್ನ ಚಾಕುವಿಗೆ ಮಾತ್ರೆ ಸಿಡಿದು ಅರ್ಧ ಮಂಚದಡಿಗೆ, ಇನ್ನರ್ಧ ಪುಡಿ. ಅಪ್ಪ ನೋಡಿ ನೋಡಿ, “ಇಲ್ಲಿ ಕೊಡು, ಮಾತ್ರೆ ತುಂಡು ಮಾಡೋದು ನಂಗೆ ಬಿಡು. ಜನ್ಮವೆಲ್ಲ ಬಿಲ್ಲೆ ಹಿಡಿದಿರೋ ಕೈ ಇದು” ಎಂದ. ವಾರದ ಪ್ರತಿ ದಿನಕ್ಕೂ ಒಂದೊಂದು ಗೂಡಿರುವ ಡಬ್ಬಿಯೊಂದನ್ನು ತಂದು, ಅರ್ಧಗಳನ್ನು ಜೋಡಿಸಿ ನನ್ನ ಕಿಟಕಿಯ ಹಲಗೆಯ ಮೇಲಿಟ್ಟ. ನನಗೆ ಕಣ್ಣು ತುಂಬಿ ಬಂತು. ನೋಡಿ, ಕಣ್ಣು ತುಂಬಿ ಬಂತು ನನಗೆ!

ಎರಡನೆಯ ವಾರದ ಡಬ್ಬಿ ಶುರುವಾದ ಮೇಲೆ ಎಲ್ಲ ಕೆಟ್ಟಿತು.

ಮೊದಲು ನಿದ್ದೆ ಹೋಯಿತು. ಆಮೇಲೆ ಬೆಳಕು ಚುಚ್ಚತೊಡಗಿತು. ಹೆಂಗಸರು ಮಿಠಾಯಿ ಕಾಗದ ಸುತ್ತುವ ಚರಚರ ಸದ್ದು ಹಲ್ಲಿನ ಬೇರಿಗೆ ಹೋಗಿ ತಾಗುತ್ತಿತ್ತು. ಮೈಮೇಲಿನ ಬಟ್ಟೆ ತಾಗಿದರೆ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು. ನಾಲಗೆಯ ಮೇಲೆ ಕಬ್ಬಿಣದ ರುಚಿ. ಒಲೆ ಹಚ್ಚುವುದಿರಲಿ, ಒಲೆಯ ನೆನಪಿಗೇ ಎದೆ ನಗಾರಿ ಬಾರಿಸುತ್ತಿತ್ತು. ಬೆಂಕಿ ಬಿದ್ದ ಬೆಳಿಗ್ಗೆ ಕೂಡ ಇಷ್ಟು ಹೆದರಿರಲಿಲ್ಲ ನಾನು. ಅಲ್ಲಿ ಹೆದರಲು ಒಂದು ಬೆಂಕಿಯಾದರೂ ಇತ್ತು, ಇಲ್ಲಿ ಏನೂ ಇರಲಿಲ್ಲ. ಬರೀ ಹೆದರಿಕೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಒಂದೊಂದಾಗಿ ಕೇಳಿದರು. ಮರೆತಿದ್ದೀರಾ? ಇಲ್ಲ. ಬೇರೆ ಏನಾದರೂ ಔಷಧಿ? ಇಲ್ಲ. ಕುಡಿತ? ಡಾಕ್ಟರೇ, ನಮ್ಮ ಮನೆಯಲ್ಲಿ ಕುಡಿಯೋದು ಅಂದರೆ ಸಕ್ಕರೆ ನೀರು.

“ಸರಿ. ಮುಂದಕ್ಕೆ ಇಳಿಸೋದು ಬೇಡ. ಈಗಿರೋ ಅರ್ಧದಲ್ಲೇ ನಿಲ್ಲಿ, ಒಂದು ಹೊತ್ತೂ ತಪ್ಪಿಸಬೇಡಿ. ಎರಡು ದಿನದಲ್ಲಿ ಕಡಿಮೆ ಆಗದಿದ್ರೆ ಕಾಯ್ಬೇಡಿ, ಬಂದುಬಿಡಿ.”

ನಾನು ಅರ್ಧದಲ್ಲೇ ನಿಂತೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಡಬ್ಬಿಗೆ ಕೈ. ನುಂಗಿ, ಗೋಡೆಗೆ ಒರಗಿ, ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾಯುತ್ತಿದ್ದೆ. ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾರದೆ, ಹೇಳದ ಕೆಲಸ ಮಾಡಿ, ಮರುದಿನದ ಅರ್ಧವನ್ನೂ ನುಂಗಿದೆ. ಅದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಮಾತ್ರೆಯೂ ಮುಟ್ಟದ ಜಾಗಕ್ಕೆ ಹೋಗಿಬಿಟ್ಟಿದ್ದೇನೆ, ಇನ್ನು ನನ್ನನ್ನು ಹಿಡಿಯುವುದು ಯಾವುದೂ ಇಲ್ಲ ಎಂದುಕೊಂಡೆ. ಹುಚ್ಚು ಅಂದರೆ ಇದೇ ಇರಬೇಕು, ಬರುವಾಗ ಹೇಳಿ ಬರುವುದಿಲ್ಲ.

“ಅಪ್ಪಾ, ನಂಗೆ ತಲೆ ಕೆಡ್ತಾ ಇದೆ. ಎಲ್ಲಾದ್ರೂ ಸೇರಿಸಿಬಿಡು ನನ್ನ” ಎಂದೆ, ಅವನ ಅಂಗಿ ಹಿಡಿದುಕೊಂಡು.

ಅಪ್ಪ ನನ್ನ ತಲೆ ಸವರಿದ. ಅವನೂ ಅಳುತ್ತಿದ್ದ. “ಇನ್ನು ಸ್ವಲ್ಪ ದಿನ, ಪುಟ್ಟಿ. ಕಷ್ಟದ್ದು ಮುಗೀತಾ ಬಂತು. ತಡ್ಕೋ” ಎಂದ. ಅವನಿಗೆ ಹೇಗೆ ಗೊತ್ತು ಮುಗಿಯುತ್ತಾ ಬಂತೆಂದು? ಅದನ್ನು ಕೇಳುವಷ್ಟು ಬುದ್ಧಿ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲು ಕಚ್ಚಿ ಒಲೆ ಹಚ್ಚಿದೆ. ಕೊಡಬೇಕಾದ ಮಾಲು ಹಾಗೇ ನಿಂತಿತ್ತು. ಪಾಕ ಹದಕ್ಕೆ ಬಂತು, ಬಾಣಲೆ ಎತ್ತಿದೆ, ಕಲ್ಲಿನ ಕಡೆ ತಿರುಗಿದೆ. ನನ್ನ ಎಡಗೈ ನನ್ನದಲ್ಲ ಎಂಬಂತೆ ಒಮ್ಮೆ ಜಿಗಿಯಿತು. ಪಾಕ ಕಲ್ಲಿನ ಅಂಚು ದಾಟಿ ನೆಲಕ್ಕೆ ಹರಿಯಿತು. ಡಬ್ಬಿ ತುಂಬುವ ಹಿರಿಯ ಹೆಂಗಸು ಕಾಲು ಎತ್ತಿ ಹಿಂದಕ್ಕೆ ಹಾರದಿದ್ದರೆ ಅವಳ ಪಾದದ ಚರ್ಮ ಕಳಚಿ ಬರುತ್ತಿತ್ತು. ಅವಳು ಬೈಯಲಿಲ್ಲ. “ಹೋಗಿ ಮಲಗಿಕೊಳ್ಳಮ್ಮ” ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಒಲೆ ಆರಿಸಿ ಮೇಲೆ ಹೋದೆ. ಬಚ್ಚಲುಮನೆಗೆ ಹೋಗಿ, ಅಮ್ಮ ಬಿದ್ದಿದ್ದ ಜಾಗದಲ್ಲಿ, ತಣ್ಣನೆಯ ನೆಲದ ಮೇಲೆ ಕೂತೆ. ನಿನ್ನ ದಾರಿಗೇ ಬಂದೆನಲ್ಲಮ್ಮ ಎಂದು ಜೋರಾಗಿಯೇ ಹೇಳಿದೆ. ಸಾಯಬೇಕೆಂದು ಅನ್ನಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬದುಕಿರುವುದು ಹೇಗೆ ಎಂಬುದು ಪೂರ್ತಿ ಮರೆತುಹೋಗಿತ್ತು. ಡಾಕ್ಟರಮ್ಮನ ಹತ್ತಿರ ಹೋಗುವುದೆಂದು ಎದ್ದು, ಅವರಿಗೆ ತೋರಿಸಲು ಮಾತ್ರೆ ಡಬ್ಬಿ ತೆಗೆದುಕೊಳ್ಳಲು ಕೋಣೆಗೆ ಬಂದೆ.

ಡಬ್ಬಿಗೆ ಇರುವೆ ಹತ್ತಿತ್ತು.

ಇರುವೆ ನಮ್ಮ ಮನೆಗೆ ಹೊಸದಲ್ಲ. ನಮ್ಮ ಮೇಜು, ಮಂಚ, ಕಪಾಟು ಎಲ್ಲದರ ಕಾಲೂ ನೀರಿನ ಬಟ್ಟಲಲ್ಲೇ ನಿಂತಿರುವುದು. ಕಿಟಕಿಯ ಹಲಗೆಗೆ ಕಾಲಿಲ್ಲ, ಅದಕ್ಕೆ ಅಲ್ಲಿ ನಾವು ತಿನ್ನುವ ವಸ್ತು ಇಡುವುದಿಲ್ಲ. ಔಷಧಿಗೇನು ಇರುವೆ ಬರುತ್ತದೆಯೇ? ಕೆಂಪಿರುವೆಗಳು ಚೌಕಟ್ಟಿನ ಸಂದಿನಿಂದ ಸಾಲಾಗಿ ಬಂದು, ಮುಚ್ಚಳದ ಬಿರುಕಲ್ಲಿ ಇಳಿದು, ನಾಳೆಯ ಗೂಡಿನಲ್ಲಿ ಮುತ್ತಿಕೊಂಡಿದ್ದವು. ನಾನು ಬಹಳ ಹೊತ್ತು ನೋಡುತ್ತ ನಿಂತೆ. ಆಮೇಲೆ ಒಂದು ಅರ್ಧವನ್ನು ಎತ್ತಿ, ಇರುವೆ ಊದಿ, ಬಾಯಿಗೆ ಹಾಕಿಕೊಂಡು ಕಚ್ಚಿದೆ.

ಮೊದಲು ಕಹಿ. ಅದು ಮಾತ್ರೆಯ ಕಹಿಯಲ್ಲ, ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರದ ಕಹಿ. ಒಣಗಿಸಿ ಪುಡಿ ಮಾಡಿ ನಾವು ಕಿತ್ತಳೆ ಮಿಠಾಯಿಗೆ ಚಿಟಿಕೆ ಹಾಕುತ್ತೇವೆ, ಆ ಕಹಿಯನ್ನು ನಾನು ಹಾಲುಹಲ್ಲಿನ ಕಾಲದಿಂದ ಬಲ್ಲೆ. ಕಹಿಯ ಕೆಳಗೆ, ತಡವಾಗಿ, ಸಕ್ಕರೆ ಬಂತು.

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಅಪ್ಪ ಯಂತ್ರದ ಮುಂದೆ ಕೂತಿದ್ದ. ಡಬ್ಬಿಯನ್ನು ಅವನ ಮಡಿಲಿಗೆ ಎಸೆದೆ. ಇರುವೆಗಳು ಅವನ ತೊಡೆಯ ಮೇಲೆ ಚೆಲ್ಲಿದವು, ಅವನು ಕೊಡವಿಕೊಳ್ಳಲಿಲ್ಲ.

“ಯಾವತ್ತಿಂದ?” ಎಂದೆ.

“ಈ ವಾರದ ಡಬ್ಬಿ ಪೂರ್ತಿ” ಎಂದ. ಸುಳ್ಳು ಹೇಳುವ ಮನಸ್ಸೇ ಇರಲಿಲ್ಲ ಅವನಿಗೆ. ಖಾನೆ ಎಳೆದು ತೋರಿಸಿದ: ಚಿಕ್ಕದೊಂದು ಹೊಸ ಅಚ್ಚು, ನಡುವೆ ಗೆರೆ ಸಮೇತ. ಪಕ್ಕದಲ್ಲಿ ನನ್ನ ಅಸಲಿ ಮಾತ್ರೆಗಳು. “ಮೊದಲು ಗೆರೆ ಸರಿಯಾಗಿ ಕೂರಲಿಲ್ಲ. ಆಮೇಲೆ ಸಿಹಿ ತಿಳಿದುಬಿಡುತ್ತೆ ಅಂತ ಸಿಪ್ಪೆಪುಡಿ ಹಾಕಿದೆ.”

ಕುಶಲ ಕೆಲಸ ಮಾಡಿ ತೋರಿಸುವಾಗಿನ ಹೊಳಪು ಆ ಹೊತ್ತಿನಲ್ಲೂ ಅವನ ಕಣ್ಣಿನಲ್ಲಿತ್ತು. ನಾನು ಅವನನ್ನು ಏನೆಂದು ಬೈದೆನೋ ಇಲ್ಲಿ ಬರೆಯಲಾರೆ. ಹೆಂಗಸರು ಬೀದಿಗೆ ಎದ್ದುಹೋದರು. ಅಪ್ಪ ಎಲ್ಲ ಕೇಳಿಸಿಕೊಂಡು, ಎದ್ದು ನನ್ನ ಎರಡೂ ಭುಜ ಹಿಡಿದ.

“ಬೈಯಿ, ಎಷ್ಟಾದ್ರೂ ಬೈಯಿ. ಆದ್ರೆ ನೋಡು ಪುಟ್ಟಿ, ನೀನು ಬಿಟ್ಟಾಯ್ತು! ಇಷ್ಟು ದಿನ ಒಂದು ಚೂರೂ ಇಲ್ಲದೆ ಇದ್ದೀಯ. ನಿಮ್ಮಮ್ಮನ ಥರ ಇಪ್ಪತ್ತು ವರ್ಷ ಆಗಲಿಲ್ಲ. ಈಗ ಯಾಕೆ ಮತ್ತೆ ಅದನ್ನ ಮುಟ್ಟಬೇಕು? ಗೆದ್ದೆ ನೀನು.”

ಒಂದು ಗಳಿಗೆ, ಒಂದೇ ಗಳಿಗೆ, ನಾನೂ ನಂಬಿದೆ. ನಂಬಿಕೊಂಡೇ ಇದ್ದಿದ್ದರೆ ಎಷ್ಟು ಸುಲಭವಿತ್ತು! ಅಷ್ಟರಲ್ಲಿ ನನ್ನ ಕೈ ನನ್ನ ಕಣ್ಣಿಗೆ ಬಿತ್ತು. ಅವನ ಹಿಡಿತದೊಳಗೇ ಅದು ಬಡಬಡ ನಡುಗುತ್ತಿತ್ತು.

“ಗೆದ್ದವರ ಕೈ ಹಿಂಗಿರುತ್ತಾ ಅಪ್ಪಾ?” ಎಂದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಅಸಲಿ ಮಾತ್ರೆ ತಗೊಂಡು ಈಗಲೇ ಬನ್ನಿ. ಒಬ್ಬರೇ ಬರಬೇಡಿ. ಗಾಡಿ ಓಡಿಸಬೇಡಿ” ಎಂದರು. ಅಪ್ಪನೇ ಜೊತೆಗೆ ಬಂದ. ಬಾಡಿಗೆ ಗಾಡಿಯಲ್ಲಿ ನಾನು ಒಂದು ತುದಿ, ಅವನೊಂದು ತುದಿ.

ಡಾಕ್ಟರಮ್ಮ ನಾಡಿ ಹಿಡಿದರು, ರಕ್ತದೊತ್ತಡ ನೋಡಿದರು, ಕೈ ಚಾಚಿಸಿ ನಡುಕ ನೋಡಿದರು. ತಮ್ಮ ಎದುರಿಗೇ ಮಾತ್ರೆ ನುಂಗಿಸಿ, ಒಳಗಿನ ಹಾಸಿಗೆಯ ಮೇಲೆ ಮಲಗಿಸಿದರು. ಹಳೆಯ ಅರ್ಧ ಅರ್ಧಕ್ಕೇ ವಾಪಸ್ಸು ಹೋಗಬೇಕು, ಮೈ ನೆಲೆಗೆ ಬರುವ ತನಕ ಅಲ್ಲಿಂದ ಕದಲಬಾರದು, ಆಮೇಲೆ ಕಾಲು ಮಾತ್ರೆಯಷ್ಟೇ ಕಡಿಮೆ ಮಾಡುತ್ತ ಇನ್ನೂ ನಿಧಾನಕ್ಕೆ ಇಳಿಯುವುದು ಎಂದರು. ತೆರೆದ ಬಾಗಿಲಿನಾಚೆ ಅವರು ಅಪ್ಪನನ್ನು ಕೂರಿಸಿಕೊಂಡು ಹೇಳುವುದು ನನಗೆ ಕೇಳುತ್ತಿತ್ತು. ಅವರು ರೇಗಲಿಲ್ಲ.

“ಯಜಮಾನ್ರೇ, ನಿಮ್ಮ ಮಗಳಿಗೆ ಚಟ ಹತ್ತಿರಲಿಲ್ಲ. ಮೈ ಮಾತ್ರೆಗೆ ಒಗ್ಗಿಕೊಂಡಿತ್ತು, ಅಷ್ಟೇ. ಒಗ್ಗಿದ ಮೈಯಿಂದ ಅದನ್ನ ಒಂದೇ ಸಲಕ್ಕೆ ಕಿತ್ತುಕೊಂಡ್ರೆ ಹೀಗೆ ತಿರುಗಿ ಬೀಳುತ್ತೆ. ನಿದ್ದೆ ಹೋಗುತ್ತೆ, ನಡುಕ ಬರುತ್ತೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಇವರು ಒಲೆ ಮುಂದೆ ಕೆಲಸ ಮಾಡೋರು ಬೇರೆ. ದೇವರು ದೊಡ್ಡೋನು.”

ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು.

“ಎರಡು ತಿಂಗಳು ತಗೊಂಡವರಿಗೇ ಹಿಂಗಾದ್ರೆ,” ಎಂದ ಆಮೇಲೆ, “ಇಪ್ಪತ್ತು ವರ್ಷ ತಗೊಂಡವರು?”

“ಒಂದೇ ದಿನ ನಿಲ್ಲಿಸೋದಾ? ಅಯ್ಯೋ, ಮನೇಲಿ ಅಂಥದ್ದು ಮಾಡಲೇಬಾರದು. ಎರಡು ಮೂರು ದಿನದಲ್ಲಿ ಫಿಟ್ಸ್ ಬಂದು, ಬಿದ್ದು, ಜೀವ ಹೋಗಿರೋದೂ ಇದೆ. ಯಾಕೆ ಕೇಳಿದ್ರಿ?”

“ಸುಮ್ನೆ ಕೇಳಿದೆ” ಎಂದ ಅಪ್ಪ.

ನಾನು ಹಾಸಿಗೆಯ ಮೇಲೆ ಮಲಗಿ ಚಾವಣಿ ನೋಡುತ್ತಿದ್ದೆ. ಅಮ್ಮ ಮಾತ್ರೆ ಬಿಟ್ಟಳು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳು ಬಿಟ್ಟಿರಲಿಲ್ಲ. ಬಿಡುವುದು ಅಮ್ಮನಿಂದ ಆಗುವ ಕೆಲಸವೇ ಆಗಿರಲಿಲ್ಲ, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಅಪ್ಪನಿಗಾಗಿ ಕೂಡಿಟ್ಟುಕೊಂಡಿದ್ದ ನನ್ನ ಕೋಪವೆಲ್ಲ ಆ ಹಾಸಿಗೆಯ ಮೇಲೆ ಎಲ್ಲಿ ಸೋರಿಹೋಯಿತೋ ಕಾಣೆ.

ಕೆಲವು ದಿನಗಳಲ್ಲಿ ನನ್ನ ಮೈ ನನಗೆ ವಾಪಸ್ಸು ಸಿಕ್ಕಿತು. ಪ್ರತಿ ಸಲ ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ಅದರ ಕೆಟ್ಟ ಕಹಿ ಹರಡುವ ತನಕ ಕಾದು, ಆಮೇಲೆ ನೀರು ಕುಡಿಯುತ್ತಿದ್ದೆ. ಕತ್ತರಿಸಲು ಔಷಧಿ ಅಂಗಡಿಯಿಂದ ಒಳಗೆ ಬ್ಲೇಡಿರುವ ಪುಟ್ಟ ಡಬ್ಬಿ ತಂದುಕೊಂಡೆ. ಅರ್ಧ ಮಾತ್ರೆ ಕಾಲುಭಾಗವಾಯಿತು, ಆಮೇಲೆ ಒಂದು ಹೊತ್ತಿನದು ನಿಂತಿತು. ನಡುವೆ ಒಂದು ಸಲ ತಡೆಯದಾದಾಗ ಡಾಕ್ಟರಮ್ಮ ಒಂದು ವಾರ ಹೆಚ್ಚಿಗೆ ಅಲ್ಲೇ ನಿಲ್ಲಿಸಿದರು. ನಾನು ಒಲೆ ಹಚ್ಚಿದೆ. ಹಿರಿಯ ಹೆಂಗಸಿನ ಮೇಲೆ ರೇಗಿದೆ, ಅವಳು ಸಂತೋಷದಿಂದ ತಿರುಗಿ ರೇಗಿದಳು.

ಅಪ್ಪ ಮಾತ್ರ ದಿನದಿನಕ್ಕೆ ಕುಸಿದ. ಯಂತ್ರದ ಹಿಡಿ ಮುಟ್ಟಲಿಲ್ಲ. ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು ಕೂಗಿದರೆ ಒಳಗೇ ಇರುತ್ತಿದ್ದ. ಅನ್ನದ ಮುಂದೆ ಕೂತರೆ ಕೈ ತಟ್ಟೆಯಲ್ಲೇ ಮರೆತುಹೋಗುತ್ತಿತ್ತು. ಅಮ್ಮ ಗೆದ್ದು ಹೋದಳು ಎಂಬ ಮಾತು ಅವನ ಬಾಯಿಂದ ಮತ್ತೆ ಬರಲೇ ಇಲ್ಲ. ಒಂದು ದಿನ ಬಚ್ಚಲುಮನೆಯ ಬಾಗಿಲಲ್ಲಿ, ಒಳಗೂ ಹೋಗದೆ ಹೊರಗೂ ಬಾರದೆ, ಚೌಕಟ್ಟು ಹಿಡಿದು ನಿಂತಿದ್ದ. ನಾನು ಕೈ ಹಿಡಿದು ಕರೆದುಕೊಂಡು ಬಂದೆ.

ಕೊನೆಯ ಕಾಲು ಮುಗಿದು, ಡಾಕ್ಟರಮ್ಮ ಇನ್ನು ಬೇಡ ಎಂದ ದಿನ, ಮನೆಗೆ ಬಂದು ಅವನ ಪಕ್ಕ ಕೂತೆ. ಮಧ್ಯಾಹ್ನದ ಬಿಸಿಲು ಅಚ್ಚಿನ ಯಂತ್ರದ ಮೇಲೆ ಬಿದ್ದಿತ್ತು.

“ಮುಗೀತು ಅಪ್ಪಾ” ಎಂದೆ.

“ಹಿಂಗೂ ಬಿಡಿಸಬಹುದಿತ್ತು” ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ. “ನಾನೇ ಪುಟ್ಟಿ. ಇದ್ದ ಮಾತ್ರೆನೆಲ್ಲ ಚರಂಡಿಗೆ ಸುರಿದುಬಿಟ್ಟೆ. ಕಾಲಿಗೆ ಬಿದ್ದಳು. ನಡುಗ್ತಾ ನಡುಗ್ತಾ ಕಾಲಿಗೆ ಬಿದ್ದಳು, ಕೊಡಲಿಲ್ಲ ನಾನು. ತಡ್ಕೋ, ಮುಗೀತಾ ಬಂತು ಅಂದೆ.”

ನನಗೂ ಅದನ್ನೇ ಹೇಳಿದ್ದ. ಅದೇ ಮಾತು, ಅದೇ ಅಳು. ಆ ಮಾತು ಕೇಳಿಸಿಕೊಂಡು ಅಮ್ಮ ಬಚ್ಚಲಿಗೆ ನಡೆದಿದ್ದಳು. ಅವಳ ಮೈಯಲ್ಲಿ ಆ ದಿನಗಳಲ್ಲಿ ಏನಿತ್ತೆಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೆ ಪಕ್ಕದಲ್ಲಿ ಕೂತಿದ್ದ ಈ ಮುದುಕ ನನಗೆ ಜಡೆ ಹಾಕಿದವನು. ಇನ್ನೆಷ್ಟು ದಿನ ಹೀಗೆ ಅನ್ನ ಬಿಟ್ಟು ಉಳಿದಾನು?

“ಅಮ್ಮನದು ಹೃದಯ ಅಪ್ಪಾ” ಎಂದೆ. “ಡಾಕ್ಟರಮ್ಮನ್ನ ಇವತ್ತು ಕೇಳಿದೆ. ಬಿದ್ದದ್ದು ಎಲ್ಲಾ ಹೇಳಿದೆ. ಅದು ಹೃದಯವೇ, ಮಾತ್ರೆಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರು.”

ಕೇಳಿರಲಿಲ್ಲ ನಾನು. ಕೇಳುವ ಧೈರ್ಯ ಎಲ್ಲಿತ್ತು?

ಅಪ್ಪ ಕಣ್ಣು ಮುಚ್ಚಿದ. ಹೊಸ ಮಿಠಾಯಿಯ ಹದ ನೋಡುವಾಗ ಹಾಗೆ ಕಣ್ಣು ಮುಚ್ಚಿ ನಾಲಗೆಯ ಮೇಲಿಟ್ಟುಕೊಂಡು ಕೂರುವುದು ಅವನ ರೂಢಿ. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಮೆಲ್ಲಗೆ ತಟ್ಟಿದ.

“ಕಹಿ ಹಾಕೋದು ಮರೆತೆಯಲ್ಲ, ಪುಟ್ಟಿ” ಎಂದ.